ಗ್ರಹಣ ಬಿಡಿಸಿದ ಕೌದಿ

ನನ್ನ ಕಸುಬು ಫ್ಲೆಕ್ಸ್ ಬ್ಯಾನರ್ ಮಾಡುವುದು. ಬೈಲಹೊಂಗಲದ ಮಾರುಕಟ್ಟೆ ಕಡೆಗೆ ಹೋಗುವ ರಸ್ತೆಯಲ್ಲಿ ಹತ್ತಡಿ ಅಗಲದ ಅಂಗಡಿ, ಅದರೊಳಗೆ ಒಂದು ಪ್ರಿಂಟಿಂಗ್ ಮಶೀನು, ಎರಡು ಕಂಪ್ಯೂಟರು ಮತ್ತು ನನ್ನ ಸಿಟ್ಟು. ಹುಟ್ಟುಹಬ್ಬ, ಮದುವೆ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲದಕ್ಕೂ ನಮ್ಮ ಕಡೆ ಬ್ಯಾನರ್ ಬೇಕು. ಕೈಮುಗಿದು ನಿಂತವರ ಫೋಟೊಗಳನ್ನು ಎಷ್ಟು ಕತ್ತರಿಸಿದ್ದೇನೆಂದರೆ, ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಕೈ ನೋಡುವ ಚಟ ಹತ್ತಿಬಿಟ್ಟಿದೆ. ಮಾಡಿದ ಬ್ಯಾನರಿನ ಆಯುಷ್ಯ ಹೆಚ್ಚೆಂದರೆ ನಾಲ್ಕು ದಿನ. ಆಮೇಲೆ ಅದು ಮೇವಿನ ಬಣವೆಯ ಮೇಲೆ, ಇಲ್ಲವೇ ದನದ ಕೊಟ್ಟಿಗೆಯ ಕಿಂಡಿಗೆ. ಒಮ್ಮೆ ರಾಮದುರ್ಗದ ಕಡೆ ಹೋದಾಗ ತೊರಗಲ್ ಕೋಟೆಯ ಕೆಳಗಿನ ಹೊಲದಲ್ಲಿ ನಾನೇ ಮಾಡಿದ ಮದುವೆಯ ವರನೊಬ್ಬ ಬಣವೆಯ ಮೇಲೆ ತಲೆಕೆಳಗಾಗಿ ಮಲಗಿ ನನ್ನನ್ನು ನೋಡಿ ನಗುತ್ತಿದ್ದ. ಅವನಿಗೇನು, ನಗುತ್ತಾನೆ. ನಾಲ್ಕು ದಿನಕ್ಕಿಂತ ಹೆಚ್ಚು ಬಾಳುವಂಥದ್ದು ಒಂದನ್ನಾದರೂ ಮಾಡಬೇಕು ಎಂಬ ಆಸೆ ನನಗೆ ಬಲವಾಗಿ ಹುಟ್ಟಿದ್ದು ಆ ದಿನವೇ ಇರಬೇಕು.

ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ನಾನು ಫ್ರ್ಯಾಕ್ಟಲ್ ಚಿತ್ರ ಮಾಡುತ್ತೇನೆ. ಹಾಗೆಂದರೇನು ಎಂದು ಕೇಳಿದವರಿಗೆಲ್ಲ ಕ್ಷೌರದಂಗಡಿ ತೋರಿಸುತ್ತೇನೆ. ಅಲ್ಲಿ ಎದುರುಬದುರು ಕನ್ನಡಿ ಹಾಕಿರುತ್ತಾರಲ್ಲ, ನಮ್ಮ ತಲೆಯ ಹಿಂದೆ ನಮ್ಮದೇ ತಲೆ, ಅದರ ಹಿಂದೆ ಇನ್ನೂ ಸಣ್ಣ ತಲೆ, ಹೀಗೆ ಮುಗಿಯದಂತೆ ಒಳಗೆ ಹೋಗುತ್ತದೆ. ಇದೂ ಹಾಗೆಯೇ. ಕಂಪ್ಯೂಟರಿಗೆ ಒಂದು ಆಕಾರ ಕೊಟ್ಟು, ಇದನ್ನು ಇಷ್ಟು ಸಣ್ಣದು ಮಾಡು, ಇಷ್ಟು ತಿರುಗಿಸು, ಇಲ್ಲಿಡು, ಇಟ್ಟಿದ್ದಕ್ಕೆ ಮತ್ತೆ ಅದನ್ನೇ ಮಾಡು ಎಂದು ಲೆಕ್ಕ ಹೇಳಿಕೊಡುವುದು. ಮೊದಮೊದಲು ಮೊಬೈಲಿನಲ್ಲಿ ಬರುವ ಆಕಾಶದ ಫೋಟೊಗಳನ್ನು ನೋಡಿ ಸುರುಳಿ ಗ್ಯಾಲಕ್ಸಿ, ನೀಹಾರಿಕೆ ಎಂದೆಲ್ಲ ಮಾಡಿದೆ. ಒಂದೊಂದು ಚಿತ್ರ ತಯಾರಾಗಲು ಕಂಪ್ಯೂಟರು ಗಂಟೆಗಟ್ಟಲೆ ಒದ್ದಾಡುತ್ತದೆ. ಅಷ್ಟರಲ್ಲಿ ಯಾರೋ ಬಂದು ಅರ್ಜೆಂಟ್ ಬ್ಯಾನರ್ ಕೇಳಿದರೆ ನನಗೆ ಮೈ ಉರಿಯುತ್ತದೆ. ಹೆಂಡತಿಗೆ ನನ್ನ ಅತ್ಯುತ್ತಮ ನೀಹಾರಿಕೆ ತೋರಿಸಿದಾಗ ಅವಳು ತುಸು ಹೊತ್ತು ನೋಡಿ, “ಒಗ್ಗರಣಿ ಸೀದಂಗ ಕಾಣತೈತ್ರಿ” ಎಂದಳು. ಒಬ್ಬ ಗಿರಾಕಿ ಮಾತ್ರ ಗ್ಯಾಲಕ್ಸಿ ಮೆಚ್ಚಿ ತನ್ನ ಹುಟ್ಟುಹಬ್ಬಕ್ಕೆ ಬೇಕೆಂದ. ಖುಷಿಯಿಂದ ಮಾಡಿಕೊಟ್ಟರೆ, ಸರಿಯಾಗಿ ಗ್ಯಾಲಕ್ಸಿಯ ನಡುವೆ ತನ್ನ ಫೋಟೊ ಇಡಿಸಿಕೊಂಡು ಹೋದ.

ನನ್ನದೇ ಎನ್ನಬಹುದಾದ ಚಿತ್ರ ಸಿಕ್ಕಿದ್ದು ಆಕಾಶದಲ್ಲಿ ಅಲ್ಲ, ನಮ್ಮ ಮನೆಯ ಅಂಗಳದಲ್ಲಿ. ಮನೆ ಇರುವುದು ಚಚಡಿಯಲ್ಲಿ. ಅಲ್ಲಿಂದ ದಿನಾ ಬೈಕಿನಲ್ಲಿ ಅಂಗಡಿಗೆ ಹೋಗಿ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ಚಳಿಗಾಲದ ಒಂದು ಬೆಳಿಗ್ಗೆ ದೊಡ್ಡ ಸೂರ್ಯಗ್ರಹಣವಾಯಿತು. ಚಿಗವ್ವ ಕಿಟಕಿ ಬಾಗಿಲು ಹಾಕಿ, ಅನ್ನದ ಮೇಲೆ ಗರಿಕೆ ಇಟ್ಟು, ತಾಟಿನಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿ ಕೂತಿದ್ದಳು. ಗ್ರಹಣ ಇರುವವರೆಗೆ ಒನಕೆ ನಿಲ್ಲುತ್ತದೆ, ಬಿಟ್ಟಾಗ ಬೀಳುತ್ತದೆ ಎಂಬುದು ಅವಳ ಗಡಿಯಾರ. ಚಿಗವ್ವ ಎಂದರೆ ನನ್ನ ಅವ್ವನ ತಂಗಿ, ಅಪ್ಪನ ತಮ್ಮನಾದ ಕಾಕಾನನ್ನು ಮದುವೆಯಾಗಿ ಇದೇ ಮನೆಗೆ ಬಂದವಳು. ಅವ್ವ ನಾನು ಸಣ್ಣವನಿದ್ದಾಗಲೇ ತೀರಿಕೊಂಡಳು. ನನ್ನನ್ನು ಬೆಳೆಸಿದವಳು ಇವಳೇ. ಈಗ ಎಂಬತ್ತರ ಹತ್ತಿರ. ನನಗಿಂತ ಗಟ್ಟಿ ಇದ್ದಾಳೆ.

ನಾನು ಹುರಿದ ಶೇಂಗಾ ಕಿಸೆಯಲ್ಲಿ ತುಂಬಿಕೊಂಡು, ಅವಳಿಗೆ ಕೇಳಿಸುವಂತೆ ಕಟಕಟ ಒಡೆಯುತ್ತ, ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಿಂತೆ. ಬಿಸಿಲು ಮಂಕಾಗುತ್ತ ಬಂತು. ನೆಲ ನೋಡಿದರೆ, ಎಲೆಗಳ ಸಂದಿಯಿಂದ ಬಿದ್ದಿದ್ದ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಹಾಗೆ ಬಾಗಿದ್ದವು. ಒಂದಲ್ಲ, ನೂರಾರು. ದೊಡ್ಡವು, ಸಣ್ಣವು, ಒಂದರ ಮೇಲೊಂದು ಏರಿದವು, ಎಲ್ಲ ಒಂದೇ ಕಡೆ ಮುಖ ಮಾಡಿ ಅಲುಗುತ್ತಿದ್ದವು. ಮೇಲೆ ಕಡಿದುಹೋಗಿದ್ದ ಸೂರ್ಯ ಒಂದೊಂದು ಸಂದಿಯಿಂದಲೂ ಇಳಿದು ನಮ್ಮ ಸಗಣಿ ಸಾರಿಸಿದ ಅಂಗಳದಲ್ಲಿ ಬಿದ್ದುಕೊಂಡಿದ್ದ. ನನಗೆ ಕಣ್ಣಲ್ಲಿ ನೀರು ಬಂತು. ಶೇಂಗಾ ಗಂಟಲಲ್ಲಿ ಸಿಕ್ಕಿದ್ದೂ ಒಂದು ಕಾರಣ ಇರಬಹುದು. “ಚಿಗವ್ವ, ಬಾ ನೋಡಬಾ” ಎಂದು ಕೂಗಿದೆ. ಒಳಗಿನಿಂದಲೇ ಉತ್ತರ ಬಂತು: “ಒನಕಿ ಬಿದ್ದ ಮ್ಯಾಲ ಬರತೇನಿ.” ಅಲ್ಲಿಯವರೆಗೆ ಕಾಯುವ ತಾಳ್ಮೆ ನನ್ನ ಜಾತಕದಲ್ಲಿಲ್ಲ. ಫೋಟೊ ತೆಗೆದುಕೊಂಡವನೇ ಬೈಕ್ ಹತ್ತಿ ಅಂಗಡಿಗೆ ಓಡಿದೆ.

ಆ ಬಾಗಿದ ಚುಕ್ಕೆಯನ್ನೇ ಆಕಾರ ಮಾಡಿಕೊಂಡು ಲೆಕ್ಕ ಬರೆದೆ. ಅಂಚಿನಲ್ಲಿ ದೊಡ್ಡ ಚುಕ್ಕೆಗಳು, ಒಳಗೆ ಹೋದಂತೆ ಸಣ್ಣವು, ಎಲ್ಲ ಸೇರಿ ಗ್ಯಾಲಕ್ಸಿಯ ತೋಳುಗಳ ಹಾಗೆ ತಿರುಗುತ್ತ ನಡುವಿನ ಕಡೆ ಇಳಿಯುತ್ತವೆ. ಎಷ್ಟು ದೊಡ್ಡದು ಮಾಡಿ ನೋಡಿದರೂ ಒಳಗೆ ಇನ್ನೊಂದು ಸುತ್ತು ಇದ್ದೇ ಇರುತ್ತದೆ. ವರ್ಷಗಟ್ಟಲೆ ತಿದ್ದಿದೆ. ಅಂಗಡಿಯ ಗೋಡೆಗೆ ಹಾಕಿದೆ. ಬಂದವರೆಲ್ಲ ಅದರ ಪಕ್ಕದ ಕ್ಯಾಲೆಂಡರ್ ನೋಡಿ ಹೋದರು.

ಕೊನೆಗೆ ಅದು ಬೇಕೆಂದು ಕೇಳಿದವಳು ನನ್ನ ಮಗಳು. ಚೊಚ್ಚಲ ಹೆರಿಗೆಗೆಂದು ಏಳು ತಿಂಗಳಲ್ಲಿ ತವರಿಗೆ ಬಂದವಳು ಒಂದು ದಿನ ಅಂಗಡಿಗೆ ಬಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತಳು.

“ಅಪ್ಪಾ, ಇದು ನನ್ನ ಕೂಸಿನ ತೊಟ್ಟಲದಾಗ ಬೇಕು. ಆದ್ರ ಫ್ಲೆಕ್ಸ್ ಬ್ಯಾಡ. ಅಜ್ಜಿ ಕಡೆ ಕೌದಿ ಹೊಲಿಸು.”

ನಮ್ಮ ಮನೆಯ ಒಂದೊಂದು ಕೂಸಿಗೂ ಹಳೆಯ ಬಟ್ಟೆ ಸೇರಿಸಿ ತೊಟ್ಟಿಲ ಕೌದಿ ಹೊಲಿದವಳು ಚಿಗವ್ವ. ನನ್ನದು ಈಗಲೂ ಟ್ರಂಕಿನಲ್ಲಿದೆ. ಅಂಥ ಸಾಲಿನಲ್ಲಿ ನನ್ನ ಚಿತ್ರ ಸೇರುತ್ತದೆ ಎಂದಾಗ ನನಗೆ ಆದ ಸಂತೋಷವನ್ನು ಮುಚ್ಚಿಡಲು ಹೋಗುವುದಿಲ್ಲ. ಆ ದಿನ ಬಂದ ಗಿರಾಕಿಗಳಿಗೆಲ್ಲ ಚಹಾ ಕುಡಿಸಿದೆ.

ತೊಡಕು ಒಂದೇ. ಬಸುರಿ ಹೆಂಗಸು ಗ್ರಹಣದ ಹೊತ್ತಿನಲ್ಲಿ ಸೂಜಿ ಮುಟ್ಟಿದರೂ ಕೂಗಾಡುವವಳು ಚಿಗವ್ವ. ಅವಳಿಗೆ ಇದು ಗ್ರಹಣದ ಚಿತ್ರ ಎಂದು ಹೇಳುವುದು ಹೇಗೆ? ಪೂರ್ತಿ ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಅವಳ ಮುಂದೆ ಹಾಸಿದೆ. ಅವಳು ಕನ್ನಡಕ ಏರಿಸಿಕೊಂಡು ಬಾಗಿ ನೋಡಿದಳು.

“ಇವೇನು, ಕರ್ಚಿಕಾಯಿ ಏನು?”

ಹೂರಣ ತುಂಬಿ ಕರಿಯುವ ಕರ್ಚಿಕಾಯಿಯೂ ಹಾಗೇ ಬಾಗಿರುತ್ತದಲ್ಲ. ನಾನು ತಡವರಿಸದೆ ಹೌದು ಎಂದೆ. ಹೆಂಡತಿ ನನ್ನನ್ನು ಕೆಕ್ಕರಿಸಿ ನೋಡಿದಳು. ಮಗಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಓಣಿಯಲ್ಲೆಲ್ಲ ಅದು ಕರ್ಚಿಕಾಯಿ ಕೌದಿ ಎಂದೇ ಹೆಸರಾಯಿತು.

ಬೇವಿನ ಕೆಳಗೆ ಚಾಪೆ ಹಾಕಿ ಚಿಗವ್ವ ಕೆಲಸ ಸುರುಮಾಡಿದಳು. ಹೆಂಡತಿಯ ಹಳೆಯ ಇಲಕಲ್ಲ ಸೀರೆ, ತೀರಿಕೊಂಡ ಕಾಕಾನ ಧೋತರ, ಮಗಳ ಸಾಲಿ ಸಮವಸ್ತ್ರ, ಎಲ್ಲ ಪದರಪದರವಾಗಿ ಒಂದರ ಮೇಲೊಂದು ಕೂತವು. ಅರಿಷಿಣ ಬಣ್ಣದ ಸೀರೆಯೊಂದನ್ನು ಕತ್ತರಿಸಿ ಚುಕ್ಕೆ ಮಾಡಿದಳು. ಕೌದಿಯನ್ನು ಹೊರಗಿನ ಅಂಚಿನಿಂದ ಹೊಲಿಯುತ್ತ, ಸುತ್ತುತ್ತ ಒಳಗೆ ಬರುತ್ತಾರೆ. ನಟ್ಟನಡುವೆ ಕಡೆಗೆ ಅಂಗೈಯಷ್ಟು ಜಾಗ ಉಳಿಯುತ್ತದೆ. ಅದಕ್ಕೆ ಕೌದಿಯ ಹೊಟ್ಟೆ ಎನ್ನುತ್ತಾರೆ. ಮುಗಿಯುವ ದಿನ ಮನೆಯಲ್ಲಿ ಹೋಳಿಗೆ ಮಾಡಿ, ಅದರ ಒಂದು ಚೂರನ್ನು ಆ ಹೊಟ್ಟೆಯೊಳಗಿಟ್ಟು ಹೊಲಿದು ಮುಚ್ಚುವುದು ನಮ್ಮ ಮನೆಯ ಹೆಂಗಸರ ರೂಢಿ. ಹಸಿದ ಕೌದಿ ಯಾರನ್ನೂ ಬೆಚ್ಚಗೆ ಇಡುವುದಿಲ್ಲ ಎಂದು ಚಿಗವ್ವ ಹೇಳುತ್ತಾಳೆ.

ನಾನು ಲೆಕ್ಕದ ಮನುಷ್ಯ. ಪ್ರತಿ ಸುತ್ತಿಗೂ ರಟ್ಟಿನ ಅಳತೆ ಕತ್ತರಿಸಿ ಕೊಟ್ಟೆ. ಅವಳು ಅವನ್ನೆಲ್ಲ ಬೀಸಣಿಕೆ ಮಾಡಿಕೊಂಡು ಗಾಳಿ ಹಾಕಿಕೊಂಡಳು.

“ನನ್ನ ಬೆರಳಿಗೆ ಗೊತ್ತೈತಿ ಎಷ್ಟು ಸಣ್ಣದು ಮಾಡಬೇಕಂತ. ನೀ ನಿನ್ನ ಅಂಗಡಿಗೆ ಹೋಗು.”

“ತಪ್ಪಾದ್ರ ಸುರುಳಿ ಕೂಡಂಗಿಲ್ಲ, ಚಿಗವ್ವ.”

“ಕೂಡಲಿಲ್ಲಂದ್ರ ಜಗ್ಗಿ ಕೂಡಸತೇನಿ.”

ಒಂದು ಸಂಜೆ ಬಂದು ಸುತ್ತು ಸುತ್ತಿನ ಚುಕ್ಕೆಗಳನ್ನು ಅಳೆದು ನೋಡಿದೆ. ಎಂಟು ಬೆರಳು, ಆರು, ನಾಲ್ಕೂವರೆ. ಒಂದೊಂದು ಸುತ್ತಿಗೂ ಕಾಲು ಪಾಲು ಇಳಿಸಿದ್ದಳು. ನನ್ನ ಲೆಕ್ಕವೂ ಅದೇ ಇತ್ತು. ಎರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ಮನೆಯವರಿಗೆ ಬಹಳ ಆರಾಮಾಯಿತು.

ಮೊಮ್ಮಗಳು ಹುಟ್ಟಿದಳು. ಹದಿಮೂರನೇ ದಿನಕ್ಕೆ ಹೆಸರಿಡುವುದು ಎಂದು ಗೊತ್ತಾಯಿತು. ಅಷ್ಟರೊಳಗೆ ಕೌದಿ ಮುಗಿದು ಕೂಸು ಅದರ ಮೇಲೆ ಮಲಗಬೇಕು. ನಡುವೆ ಒಂದು ಮೊರದಷ್ಟು ಜಾಗ ಮಾತ್ರ ಬಾಕಿ. ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ನನ್ನ ಕಸುಬು ನನ್ನನ್ನು ಹಾಳು ಮಾಡದಿದ್ದರೆ. ಈಗ ಹೆಸರಿಡುವುದಕ್ಕೂ ಬ್ಯಾನರ್ ಕಟ್ಟುತ್ತಾರೆ. ಊರಿಗೆಲ್ಲ ಬ್ಯಾನರ್ ಮಾಡುವವನ ಮೊಮ್ಮಗಳಿಗೆ ಇಲ್ಲದಿದ್ದರೆ ಹೇಗೆ? ಕೂಸಿನ ಫೋಟೊ, ಹಿಂದೆ ನನ್ನ ಚಿತ್ರ, ಮೇಲೆ ಹಾರ್ದಿಕ ಸ್ವಾಗತ. ಕೆಳಗೆ ಮೂಲೆಯಲ್ಲಿ, ಜನಕ್ಕೆ ತಿಳಿಯಲಿ ಎಂಬ ಸಣ್ಣ ಜಂಬದಿಂದ, ಚಿತ್ರದ ಹೆಸರನ್ನೂ ಹಾಕಿದೆ. ಹತ್ತನೇ ದಿನ ಮಧ್ಯಾಹ್ನ ತಂದು ಅಂಗಳದಲ್ಲಿ ಬಿಚ್ಚಿದೆ.

ಚಿಗವ್ವ ಓದಲು ಕಲಿತದ್ದು ಐವತ್ತು ದಾಟಿದ ಮೇಲೆ, ವಯಸ್ಕರ ಸಾಲಿಯಲ್ಲಿ. ಅಂದಿನಿಂದ ಬಸ್ಸಿನ ಬೋರ್ಡು, ಬೆಂಕಿಪೊಟ್ಟಣ, ಗೊಬ್ಬರದ ಚೀಲ, ಏನೂ ಬಿಟ್ಟಿಲ್ಲ. ಬ್ಯಾನರನ್ನೂ ಮೇಲಿನಿಂದ ಕೆಳಗಿನವರೆಗೆ ಬೆರಳಿಟ್ಟು ಓದುತ್ತ ಬಂದಳು. ಮೂಲೆಗೆ ಬಂದಾಗ ಬೆರಳು ನಿಂತಿತು.

“ಸೂ... ರ್ಯ... ಗ್ರ... ಹ... ಣ.”

ಚಿಗವ್ವ ಬ್ಯಾನರ್ ನೋಡಿದಳು, ತನ್ನ ಕೌದಿ ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆಂದು ಕಾದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿ, ಕೌದಿ ಮಡಚಿಟ್ಟು, “ಇದರ ಹೊಟ್ಟಿ ನಾ ಮುಚ್ಚಂಗಿಲ್ಲ” ಎಂದು ಎದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. ಸೂರ್ಯ, ಚಂದ್ರ, ನೆರಳು, ಗ್ರಹಣದ ದಿನ ನಮ್ಮ ಅಂಗಳದಲ್ಲಿ ಬಿದ್ದ ಚುಕ್ಕೆ ಎಂದು ಅರ್ಧ ಗಂಟೆ ಪಾಠ ಮಾಡಿದೆ. ಆ ದಿನ ಶೇಂಗಾ ತಿಂದ ನಾನು ಸತ್ತಿಲ್ಲ ಎಂದೆ. ಕಡೆಗೆ ಬರಬಾರದ ಮಾತೂ ಬಂತು: “ನಿನ್ನ ಮೂಢನಂಬಿಕಿ ನನ್ನ ಮೊಮ್ಮಗಳಿಗೆ ಬ್ಯಾಡ.”

“ಆಕಿ ನಿನಗಷ್ಟ ಮೊಮ್ಮಗಳೇನು?” ಎಂದಳು ಚಿಗವ್ವ. ಧ್ವನಿ ಏರಲಿಲ್ಲ. “ಎರಡು ತಿಂಗಳ ನನ್ನ ಮುಂದ ಕುಂತು ಕರ್ಚಿಕಾಯಿ ಅಂದಿ. ಸುಳ್ಳು ಹೇಳಿ ಹೊಲಿಸೀದಿ. ಇರಲಿ. ಕೌದಿ ಹೊಟ್ಯಾಗ ಹೋಳಿಗಿ ಇಡಬೇಕು. ಗ್ರಹಣ ಹಿಡದಾಗ ಉಣಬಾರದು, ಕೌದಿಗೆ ಹೆಂಗ ಉಣಸಲಿ? ಬಿಟ್ಟ ಮ್ಯಾಲ ಉಣಸತೇನಿ. ನೀನ ಹೇಳು, ಇದು ಯಾವಾಗ ಬಿಡತೈತಿ?”

ಬಟ್ಟೆಯ ಮೇಲೆ ಹಿಡಿದ ಗ್ರಹಣ ಬಿಡುವುದಿಲ್ಲವಲ್ಲ. ಅದರಲ್ಲೂ ನನ್ನ ಲೆಕ್ಕದ ಗ್ರಹಣ ಒಳಗೆ ಹೋದಷ್ಟೂ ಮುಗಿಯುವುದೇ ಇಲ್ಲ. ಹೆಂಡತಿಗೆ, ನೀನೇ ಮುಚ್ಚು ಎಂದೆ. “ಒಬ್ಬರು ಉಳಿಸಿದ ಹೊಟ್ಟಿ ಇನ್ನೊಬ್ಬರು ಮುಚ್ಚಬಾರದ್ರಿ. ನಿಮಗ ಅಷ್ಟೂ ತಿಳಿಯಂಗಿಲ್ಲೇನು?” ಎಂದು ಅವಳೂ ಬೆನ್ನು ತಿರುಗಿಸಿದಳು. ಮಗಳು ಕೂಸಿಗೆ ಹಾಲು ಕುಡಿಸುತ್ತ ಹೇಳಿದಳು: “ಅಪ್ಪಾ, ಅಂಗಡ್ಯಾಗ ಮೆತ್ತನ್ನ ಬ್ಲಾಂಕೆಟ್ ಸಿಗತಾವ. ತರೂಣಂತ, ಬಿಡು.” ಸಮಾಧಾನಕ್ಕೆ ಹೇಳಿದ ಮಾತು ಅದು. ನನಗೆ ಮಾತ್ರ ನನ್ನ ಚಿತ್ರವನ್ನು ಬಣವೆಗೆ ಹೊದಿಸಿದ ಹಾಗಾಯಿತು.

ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗಲಿಲ್ಲ. ಮಾತು ಬಿಟ್ಟಿದ್ದ ಚಿಗವ್ವ ಹಿತ್ತಲ ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಹೋಗಿ ಪಕ್ಕದಲ್ಲಿ ಕೂತು ನಾಲ್ಕು ಕಾಯಿ ಸುಲಿದೆ.

“ಸುಳ್ಳು ಹೇಳಿದ್ದು ನಂದು ತಪ್ಪು, ಚಿಗವ್ವ.”

ಅವಳು ನಾನು ಸುಲಿದ ಕಾಳನ್ನು ತನ್ನ ರಾಶಿಗೆ ಸೇರಿಸಿಕೊಂಡಳು. ಆಮೇಲೆ ಕೇಳಿದಳು: “ಅವತ್ತ ನೀ ಕರದಿ, ನಾ ಬರಲಿಲ್ಲ. ಬಿಟ್ಟ ಮ್ಯಾಲ ನೆಲದ ಮ್ಯಾಲ ಹೆಂಗ ಕಾಣತಿತ್ತು?”

ಗ್ರಹಣ ಬಿಡುವ ಮೊದಲೇ ನಾನು ಬೈಕ್ ಹತ್ತಿದ್ದೆ. ಇಷ್ಟು ವರ್ಷ ಆ ಚುಕ್ಕೆಗಳನ್ನು ಕಂಪ್ಯೂಟರಿನಲ್ಲಿ ತಿರುಗಿಸಿದವನು, ಆಮೇಲೆ ಅವು ಏನಾದವು ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಎದ್ದು ಬೇವಿನ ಮರದ ಕೆಳಗೆ ಹೋದೆ. ಹನ್ನೊಂದು ಗಂಟೆಯ ಬಿಸಿಲು ಚೆನ್ನಾಗಿ ಬಿದ್ದಿತ್ತು. ಹಾಳಾದ ಬ್ಯಾನರು ಅಲ್ಲೇ ಸುತ್ತಿಕೊಂಡು ಬಿದ್ದಿತ್ತು. ಅದನ್ನು ಬೋರಲು ಹಾಸಿದೆ. ಫ್ಲೆಕ್ಸಿನ ಹಿಂಬದಿ ಬಿಳಿ. ಆ ಬಿಳಿಯ ಮೇಲೆ ಬೆಳಕಿನ ಚುಕ್ಕೆಗಳು ಬಿದ್ದವು. ಮೇಲೆ ಎಲೆಗಳ ಸಂದಿಗಳು ಸೊಟ್ಟ, ಮೊನಚು, ಹರಕು, ಹೇಗೆ ಹೇಗೋ ಇದ್ದವು. ಕೆಳಗಿನ ಚುಕ್ಕೆಗಳು ಮಾತ್ರ ಎಲ್ಲವೂ ದುಂಡಗಿದ್ದವು.

“ಚಿಗವ್ವ, ಬಾ” ಎಂದೆ. ಈ ಸಲ ಅವಳು ಬಂದಳು. ಮಡಿಲಿಗೆ ಅಂಟಿದ್ದ ಸಿಪ್ಪೆ ಕೊಡವಿ ಬಾಗಿ ನೋಡಿದಳು.

“ದುಂಡಗ ಅದಾವು.”

“ಸೂರ್ಯ ದುಂಡಗ ಅದಾನಲ್ಲ, ಅದಕ್ಕ. ಇವು ಬರೇ ಬಿಸಿಲಲ್ಲ, ಒಂದೊಂದೂ ಸೂರ್ಯನ ಚಿತ್ರ. ಅವತ್ತ ಕಡದಿತ್ತು, ಹಂಗಾಗಿ ಇವೂ ಕಡದಿದ್ದವು. ಬಿಟ್ಟ ಮ್ಯಾಲ ಹಿಂಗ ಆಗಿರತಾವ.”

“ದಿನಾ ಹಿಂಗ ಇರತಾವೇನು?”

“ದಿನಾ.”

ಗಾಳಿ ಬೀಸಿತು, ಚುಕ್ಕೆಗಳೆಲ್ಲ ಅತ್ತಿತ್ತ ಓಡಾಡಿದವು. ಒಂದು ಅವಳ ಪಾದದ ಮೇಲೆ ಬಂದು ನಿಂತಿತು. ಅವಳು ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡಳು.

“ಮದುವ್ಯಾಗಿ ಬಂದಾಗಿಂದ ಇಲ್ಲೇ ಕುಂತು ಹೊಲದೇನಿ. ಇಷ್ಟು ಸೂರ್ಯಾನ ಮ್ಯಾಲ ಕುಂತೇನಂತ ಯಾರೂ ಹೇಳಲಿಲ್ಲ ನೋಡು.”

ನನಗೂ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನೇ ಇದ್ದೆ, ನಾನೇ ನೋಡಿರಲಿಲ್ಲ.

“ಹಂಗಾದ್ರ ನಡುವ ಇವನ್ನ ಇಡು, ಹೊಟ್ಟಿ ಮುಚ್ಚತೇನಿ” ಎಂದಳು ಚಿಗವ್ವ. ಆಮೇಲಿನದೆಲ್ಲ ಅವಸರದ ಕೆಲಸ. ಕೌದಿ ಹೊರಗಿನಿಂದ ಒಳಗೆ ಹೊಲಿಯುವಂಥದ್ದು ಆಗಿದ್ದು ನಮ್ಮ ಪುಣ್ಯ. ನಡುವಿನ ಸುತ್ತುಗಳು ಇನ್ನೂ ಖಾಲಿ ಇದ್ದವು. ಬೈಲಹೊಂಗಲಕ್ಕೆ ಓಡಿ ಲೆಕ್ಕ ತಿದ್ದಿದೆ. ಮೊದಲು ಪ್ರತಿ ಸುತ್ತಿಗೂ ಸಣ್ಣದಾಗು, ತಿರುಗು ಎಂದಷ್ಟೇ ಇತ್ತು. ಈಗ ಒಳಗೆ ಬಂದಂತೆ ತುಸು ತುಸು ತುಂಬಿಕೋ ಎಂದೂ ಸೇರಿಸಿದೆ. ಕಂಪ್ಯೂಟರು ಮಧ್ಯಾಹ್ನವೆಲ್ಲ ತಿಣುಕಿತು. ಒಬ್ಬ ಗಿರಾಕಿ ಗೃಹಪ್ರವೇಶದ ಬ್ಯಾನರಿಗೆ ಬಂದು, “ಲಗೂನ ಮಾಡಿ ಕೊಡ್ರಿ” ಎಂದು ಅವಸರಿಸಿದ. “ಗ್ರಹಣ ಬಿಡಾಕತ್ತೈತ್ರಿ, ಸ್ವಲ್ಪ ಕುಂದರ್ರಿ” ಎಂದೆ. ಅವನು ಒಮ್ಮೆ ಹೊರಗೆ ಹೋಗಿ ಆಕಾಶ ನೋಡಿ ಬಂದು ಸುಮ್ಮನೆ ಕೂತ.

ಪರದೆಯ ಮೇಲೆ ಚಿತ್ರ ಮೂಡಿದಾಗ ನಾನೇ ಬೆರಗಾದೆ. ಅಂಚಿನಲ್ಲಿ ಎಳೆಯಂಥ ಕುಡುಗೋಲುಗಳು, ಒಳಗೆ ಸುತ್ತುತ್ತ ಬಂದಂತೆ ದಪ್ಪವಾಗಿ, ಅರ್ಧವಾಗಿ, ಮುಕ್ಕಾಲಾಗಿ, ನಡುವೆ ಪೂರ್ತಿ ದುಂಡಗಾಗುತ್ತಿದ್ದವು. ವರ್ಷಗಟ್ಟಲೆ ತಿದ್ದಿದ ಚಿತ್ರಕ್ಕೆ ಇದೇ ಬೇಕಾಗಿತ್ತು. ಅದು ನನ್ನ ತಲೆಗೆ ಹೊಳೆಯದೆ ಅವರೆಕಾಯಿ ಸುಲಿಯುವವಳಿಗೆ ಹೊಳೆದದ್ದಕ್ಕೆ ತುಸು ಹೊಟ್ಟೆಕಿಚ್ಚಾಯಿತು, ಆದರೆ ಬಹಳ ಹೊತ್ತು ಇರಲಿಲ್ಲ.

ಚಿಗವ್ವ ಈ ಸಲ ನನ್ನ ರಟ್ಟಿನ ಅಳತೆಗಳನ್ನು ಇಸಿದುಕೊಂಡಳು. “ದುಂಡಗ ಕತ್ತರಸೂದು ನನಗ ಸರಿ ಬರಂಗಿಲ್ಲ” ಎಂದು ಅವಳು ಒಪ್ಪಿಕೊಂಡದ್ದನ್ನು ನಾನು ಮನೆಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ನಾನು ಕತ್ತರಿಸಿ ಕೊಟ್ಟೆ, ಅವಳು ಇಟ್ಟು ಹೊಲಿದಳು. ಬ್ಯಾನರನ್ನು ಮತ್ತೆ ಮಾಡಿಸಿದೆ, ಮೂಲೆಯಲ್ಲಿ ಏನೂ ಬರೆಯದೆ.

ಹೆಸರಿಡುವ ಹಿಂದಿನ ದಿನ ಮಧ್ಯಾಹ್ನ ಹೊಟ್ಟೆ ಮುಚ್ಚುವುದಕ್ಕೆ ಕೂತಳು. ಹೆಂಡತಿ ಬಿಸಿ ಹೋಳಿಗೆ ತಂದಿಟ್ಟಳು. ಮಗಳು ಕೂಸನ್ನು ಎತ್ತಿಕೊಂಡು ಹೊಸ್ತಿಲಲ್ಲಿ ಕೂತಳು. ಉಳಿದಿದ್ದದ್ದು ನಟ್ಟನಡುವಿನ ಒಂದೇ ಚುಕ್ಕೆ, ರೂಪಾಯಿಯಷ್ಟು ದುಂಡನೆಯದು. ಚಿಗವ್ವ ಹೋಳಿಗೆಯ ಅಂಚು ಮುರಿದು, ಒಂದು ಚೂರನ್ನು ಕೂಸಿನ ತುಟಿಯ ಹತ್ತಿರ ಹಿಡಿದು ತೋರಿಸಿ, ಆಮೇಲೆ ಅದನ್ನು ಪದರಗಳ ನಡುವೆ ಇಟ್ಟಳು. ಮೇಲೆ ಚುಕ್ಕೆ ಇಟ್ಟು ಹೊಲಿಯತೊಡಗಿದಳು. ಅರ್ಧ ಹೊಲಿದವಳು ನಿಲ್ಲಿಸಿ ನನ್ನ ಕಡೆ ನೋಡಿದಳು.

“ನಿನ್ನ ಕಂಪ್ಯೂಟರದಾಗ ಇಲ್ಲಿಗೆ ಮುಗಿತೈತೇನು?”

“ಇಲ್ಲ ಚಿಗವ್ವ. ಇದರೊಳಗ ಇನ್ನೊಂದು ಸುತ್ತು ಇರತೈತಿ. ಅದರೊಳಗ ಮತ್ತೊಂದು. ಮುಗಿಯೂದಿಲ್ಲ.”

ಇದಕ್ಕೂ ತಕರಾರು ಬರುತ್ತದೆ ಎಂದುಕೊಂಡೆ. ಅವಳು ಉಳಿದ ಅರ್ಧ ಹೊಲಿದು, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಕೂಸನ್ನು ಮಗಳ ಕೈಯಿಂದ ಇಸಿದುಕೊಂಡು ನಡುವಿನ ಸೂರ್ಯನ ಮೇಲೆ ಮಲಗಿಸಿದಳು.

“ನನ್ನ ಕೈಲೆ ಆಗೂದು ಇಷ್ಟ. ಒಳಗಿನ ಸುತ್ತು ಆಕಿ ಹೊಲಕೊಳ್ಳಲಿ.”